ದೇವರು ಮೊದಲು ಎಂದರೆ ಮನೆ ಕೊನೆಯೇ?

ಕ್ರೈಸ್ತ ವಿಶ್ವಾಸವನ್ನು ಬುನಾದಿಯಾಗಿಟ್ಟುಕೊಂಡು ಸಂಸಾರ, ನೆಂಟಸ್ತಿಕೆ, ನೆರೆಹೊರೆ ನಡೆಸುವುದು ಹೇಗೆಂದು ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೇಳಿದವರಲ್ಲಿ ಕೊಂಕಣಿ ಮನೆಮಾತಿನ ಕಥೋಲಿಕರಿದ್ದಾರೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರಿದ್ದಾರೆ, ಕೇರಳದಿಂದ ಬಂದು ತೋಟ ಮಾಡಿಕೊಂಡವರೂ ಇದ್ದಾರೆ. ಹಾಗಾಗಿ ಒಂದು ಕಡೆ ಫಾದರ್, ಇನ್ನೊಂದು ಕಡೆ ಸಭಾಪಾಲಕರು ಎಂದು ಬರೆದಿದ್ದೇವೆ. ನಿಮ್ಮ ಚರ್ಚಿಗೆ ಹೊಂದುವ ಹಾಗೆ ಓದಿಕೊಳ್ಳಿ. ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ.

ಪ್ರಶ್ನೆ: ನಮ್ಮವರು ಸಭೆಯ ಕಮಿಟಿಯಲ್ಲಿದ್ದಾರೆ, ಕ್ವಾಯರ್‌ನಲ್ಲಿದ್ದಾರೆ. ಬುಧವಾರ ಬೈಬಲ್ ಸ್ಟಡಿ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಮನೆ ಭೇಟಿ. ಮಗಳ ಹೋಮ್‌ವರ್ಕ್, ಅತ್ತೆಯ ಬಿ.ಪಿ. ಮಾತ್ರೆ, ಗ್ಯಾಸ್ ಬುಕ್ಕಿಂಗ್ ಎಲ್ಲ ನನ್ನ ತಲೆಗೆ. ಕೇಳಿದರೆ ‘ದೇವರು ಮೊದಲು, ಆಮೇಲೆ ಮನೆ’ ಅನ್ನುತ್ತಾರೆ. ಮೊನ್ನೆ ಸ್ಕೂಲ್ ಫೀಸಿಗೆ ಎತ್ತಿಟ್ಟಿದ್ದ ದುಡ್ಡನ್ನು ಚರ್ಚ್ ಕಟ್ಟಡದ ಕಾಣಿಕೆಗೆ ಕೊಟ್ಟು ಬಂದರು. ಬಾಯಿ ಬಿಟ್ಟರೆ ನನಗೇ ವಿಶ್ವಾಸ ಕಮ್ಮಿ ಅಂತಾರೆ. ಏನು ಮಾಡಲಿ?
ಸುಂಟಿಕೊಪ್ಪ

ಉತ್ತರ: ನಿಮ್ಮ ವಿಶ್ವಾಸಕ್ಕೇನೂ ಕಮ್ಮಿಯಾಗಿಲ್ಲ. ನಿಮ್ಮ ಯಜಮಾನರು ದೇವರನ್ನೂ ಚರ್ಚಿನ ಕಾರ್ಯಕ್ರಮ ಪಟ್ಟಿಯನ್ನೂ ಒಂದೇ ಎಂದುಕೊಂಡಿದ್ದಾರೆ, ತೊಡಕೆಲ್ಲ ಅಲ್ಲೇ ಇದೆ.

ಇದನ್ನು ನೀವು ಹೇಳಿದರೆ ಜಗಳವಾದೀತು, ಬೈಬಲ್ಲೇ ಹೇಳಲಿ. ಮಾರ್ಕ 7ನೇ ಅಧ್ಯಾಯದ 9ರಿಂದ 13ನೇ ವಚನದವರೆಗೆ ಇಬ್ಬರೂ ಕೂತು ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಇದು ದೇವರಿಗೆ ಮೀಸಲು’ ಎಂದು ಹೇಳಿ ಜಾರಿಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ದೇವರ ಹೆಸರಲ್ಲಿ ಕೊಟ್ಟರೂ ದೇವರ ಆಜ್ಞೆಯನ್ನೇ ಮೀರಿದ ಹಾಗಾಯಿತು ಎಂಬುದು ಅವರ ತೀರ್ಪು. ಫೀಸಿನ ದುಡ್ಡಿನ ಕಥೆ ಇದಕ್ಕಿಂತ ಬೇರೆಯೇನಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕಡೆ ಎಂದು 1 ತಿಮೊಥೆ 5:8ರಲ್ಲಿದೆ. ಅದೇ ಪತ್ರದ 3:5, ಮನೆಯನ್ನೇ ನಡೆಸಲು ಬಾರದವನು ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಕೇಳುತ್ತದೆ. ಕಮಿಟಿಗೆ ಆಳು ಆರಿಸುವ ದಿನ ಮಾತ್ರ ಈ ವಚನ ಯಾರಿಗೂ ನೆನಪಾಗುವುದಿಲ್ಲ. ‘ಮೊದಲು ದೇವರ ರಾಜ್ಯ’ ಎನ್ನುವ ಮತ್ತಾಯ 6:33ಕ್ಕೂ ಹಿಂದುಮುಂದು ಇದೆ. ಊಟ ಬಟ್ಟೆಯ ಚಿಂತೆಯಲ್ಲಿ ಮುಳುಗಬೇಡಿ ಎಂಬ ಮಾತಿನ ಕೊನೆಗೆ ಅದು ಬರುತ್ತದೆ, ಸಂಜೆ ಹೊತ್ತು ಮನೆಯಲ್ಲಿರಬೇಡಿ ಎಂದು ಹೇಳಲು ಬಂದದ್ದಲ್ಲ.

ಇನ್ನು ಮಾಡಬೇಕಾದ್ದು. ರಾತ್ರಿ ಒಂಬತ್ತಕ್ಕೆ ಕ್ವಾಯರ್ ಮುಗಿಸಿ ಅವರು ಗೇಟು ತೆಗೆಯುವ ಹೊತ್ತಿಗೆ ವಿಷಯ ಎತ್ತಬೇಡಿ. ಒಂದು ವಾರ ಏನೂ ಮಾತಾಡದೆ, ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ದುಡಿಮೆ, ಚರ್ಚು, ಮನೆ, ನಿದ್ದೆ ಎಂದು ಇಬ್ಬರ ಗಂಟೆಗಳನ್ನೂ ಬರೆದಿಡಿ. ನಿಮ್ಮದೂ ಬರೆಯಲೇಬೇಕು. ಅವರದ್ದೊಂದೇ ಬರೆದರೆ ಅದು ಚಾರ್ಜ್‌ಶೀಟ್ ಆಗುತ್ತದೆ. ಭಾನುವಾರ ಮಧ್ಯಾಹ್ನ ಊಟವಾಗಿ ಮಗಳು ಆಟಕ್ಕೆ ಹೋದ ಮೇಲೆ ಅದನ್ನು ಮುಂದಿಡಿ. ಕೇಳಬೇಕಾದ್ದು ಎರಡೇ: ವಾರದಲ್ಲಿ ಗೊತ್ತಾದ ಎರಡು ಸಂಜೆ ಆರೂವರೆಗೆ ಮನೆಯಲ್ಲಿರಬೇಕು, ಚರ್ಚಿನ ಜವಾಬ್ದಾರಿಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬೇರೆಯವರಿಗೆ ಬಿಡಬೇಕು. ‘ಸ್ವಲ್ಪ ಕಮ್ಮಿ ಮಾಡ್ತೀನಿ’ ಎಂದರೆ ಒಪ್ಪಬೇಡಿ, ಆ ಮಾತು ಮುಂದಿನ ಬುಧವಾರದವರೆಗೂ ಬಾಳುವುದಿಲ್ಲ. ಯಾವ ದಿನ, ಎಷ್ಟು ಗಂಟೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಿಂದಲೇ ಗುರುತು ಹಾಕಿಸಿ. ತೋಟವಿದ್ದವರಿಗೆ ಡಿಸೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕೊಯ್ಲಿನ ಒತ್ತಡ ಇದ್ದದ್ದೇ. ಆಗ ಮೊಟಕಾಗಬೇಕಾದ್ದು ಮೀಟಿಂಗುಗಳು, ಆ ಎರಡು ಸಂಜೆಗಳಲ್ಲ.

ದುಡ್ಡಿಗೂ ಹೀಗೇ ಕಟ್ಟು ಬೇಕು. ಸಂಬಳವೋ ಕಾಫಿ ದುಡ್ಡೋ ಕೈಗೆ ಬಂದ ದಿನವೇ ಕಾಣಿಕೆಯ ಪಾಲನ್ನು ಇಬ್ಬರೂ ಕೂತು ತೆಗೆದಿಡಿ. ಅದು ದಶಮಾಂಶವೋ ಅದಕ್ಕಿಂತ ಕಮ್ಮಿಯೋ, ಇಬ್ಬರೂ ಒಪ್ಪಿದ್ದಾಗಿರಲಿ. ಫೀಸು, ಔಷಧಿ, ಸೊಸೈಟಿ ಸಾಲದ ಕಂತು ಬೇರೆ ಖಾತೆಗೆ ಹೋಗಲಿ. ವಿಶೇಷ ಕಾಣಿಕೆಗೆ ಒಂದು ಮಿತಿ ಇಟ್ಟುಕೊಳ್ಳಿ, ಸಾವಿರ ರೂಪಾಯಿ ಅಂದುಕೊಳ್ಳಿ. ಅದನ್ನು ಮೀರಿದರೆ ಒಬ್ಬರೇ ಮಾತು ಕೊಡಬಾರದು. ಕೆಟ್ಟುಹೋಗುವುದು ಸಾಮಾನ್ಯವಾಗಿ ಎಲ್ಲಿ ಗೊತ್ತೇ? ನಾಲ್ಕು ಜನರ ಮುಂದೆ ‘ನಿಮ್ಮದೆಷ್ಟು?’ ಎಂದು ಕೇಳಿದಾಗ ಮುಖಭಂಗವಾಗದಿರಲಿ ಎಂದು ಒಂದು ಅಂಕಿ ಬಾಯಿಂದ ಬಿದ್ದುಬಿಡುತ್ತದೆ. ‘ಮನೆಯಲ್ಲಿ ಮಾತಾಡಿ ಹೇಳ್ತೀನಿ’ ಎಂಬ ಉತ್ತರವನ್ನು ಅವರು ಮೊದಲೇ ರೂಢಿಸಿಕೊಂಡಿರಲಿ. ಇದ್ದದ್ದರಲ್ಲಿ ಕೊಟ್ಟದ್ದೇ ಮೆಚ್ಚಿಕೆ, ಬೇರೆಯವರಿಗೆ ಹಗುರವಾಗಲೆಂದು ನೀವು ಕಷ್ಟಕ್ಕೆ ಬೀಳಬೇಕಿಲ್ಲ ಎಂದು 2 ಕೊರಿಂಥ 8:12-13ರಲ್ಲಿ ಪೌಲನೇ ಬರೆದಿದ್ದಾನೆ. ಅದೂ ಹಣ ಎತ್ತುವ ಪತ್ರದಲ್ಲಿ!

ಎರಡು ತಿಂಗಳಾದರೂ ಏನೂ ಬದಲಾಗದಿದ್ದರೆ ಸಭಾಪಾಲಕರ ಹತ್ತಿರ ಹೋಗಿ, ಇಬ್ಬರೂ ಒಟ್ಟಿಗೇ ಹೋಗಿ. ಆರು ತಿಂಗಳು ಕಮಿಟಿಯಿಂದ ಬಿಡುವು ಕೊಡಿ ಎಂದು ನೇರವಾಗಿ ಕೇಳಿ. ಮಹಿಳಾ ಕೂಟದಲ್ಲಿ ‘ನಮ್ಮನೆಯವರಿಗಾಗಿ ಪ್ರಾರ್ಥಿಸಿ’ ಎಂದು ಎತ್ತಬೇಡಿ. ಸಣ್ಣ ಊರಿನಲ್ಲಿ ಪ್ರಾರ್ಥನಾ ವಿಷಯ ಬಸ್ಸಿಗಿಂತ ಬೇಗ ಮಡಿಕೇರಿ ತಲುಪುತ್ತದೆ.

ಪ್ರಶ್ನೆ: ಮದುವೆಯಾಗಿ ನಾಲ್ಕು ತಿಂಗಳು. ಇಬ್ಬರೂ ಸೇರಿ ಹೋಮ್‌ಸ್ಟೇ ನಡೆಸುತ್ತೇವೆ. ದಿನಾ ಕುಟುಂಬ ಪ್ರಾರ್ಥನೆ ಮಾಡಬೇಕೆಂದು ಹೊರಟು ಮೂರು ಸಲ ನಿಂತುಹೋಯಿತು. ನನ್ನ ಹೆಂಡತಿ ಓದುವುದು ಮಲಯಾಳಂ ಬೈಬಲ್, ನನ್ನದು ಕನ್ನಡ. ಗೆಸ್ಟ್ ಬಂದ ದಿನ ಮಲಗುವಾಗ ಹನ್ನೊಂದಾಗುತ್ತದೆ. ಹೇಗೆ ಹೊಂದಿಸಿಕೊಳ್ಳಬೇಕು?
ಪೊನ್ನಂಪೇಟೆ

ಉತ್ತರ: ನಿಮ್ಮ ಪ್ರಾರ್ಥನೆ ನಿಂತದ್ದಕ್ಕೆ ಭಕ್ತಿ ಕಮ್ಮಿಯಾದದ್ದು ಕಾರಣ ಇರಲಿಕ್ಕಿಲ್ಲ, ಉದ್ದ ಹೆಚ್ಚಾದದ್ದಿರಬಹುದು. ಮುಕ್ಕಾಲು ಗಂಟೆಯ ಪ್ರಾರ್ಥನೆ ಸಭೆಯನ್ನು ಮನೆಯೊಳಗೆ ನಡೆಸಲು ಹೊರಟವರು ಹತ್ತು ದಿನಕ್ಕೆ ಸುಸ್ತಾಗುತ್ತಾರೆ. ಹನ್ನೆರಡು ನಿಮಿಷ ಸಾಕು. ಮೊದಲ ಒಂದು ನಿಮಿಷ ಸುಮ್ಮನೆ ಕೂರಿ. ಹದಿನೈದು ವಚನದಷ್ಟು ಓದಿ, ಅದಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ. ‘ಇದರಲ್ಲಿ ಇವತ್ತಿಗೆ ಏನಿದೆ?’ ಎಂದು ಇಬ್ಬರೂ ಒಂದೊಂದು ಮಾತು ಹೇಳಿ. ಆಮೇಲೆ ಇಬ್ಬರೂ ಚಿಕ್ಕದಾಗಿ ಪ್ರಾರ್ಥಿಸಿ, ಕರ್ತರ ಪ್ರಾರ್ಥನೆಯೊಂದಿಗೆ ಮುಗಿಸಿ.

ಮಾರ್ಕನ ಸುವಾರ್ತೆಯಿಂದ ಶುರುಮಾಡುವುದು ಒಳ್ಳೆಯದು. ಹದಿನಾರೇ ಅಧ್ಯಾಯ, ದಿನಕ್ಕೆ ಹದಿನೈದು ವಚನದ ಲೆಕ್ಕದಲ್ಲಿ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಒಂದು ಪುಸ್ತಕ ಪೂರ್ತಿ ಓದಿ ಮುಗಿಸಿದೆವು ಎಂಬ ಖುಷಿ ಮುಂದಿನದಕ್ಕೆ ತಳ್ಳುತ್ತದೆ. ಆಮೇಲೆ ಜ್ಞಾನೋಕ್ತಿಗೆ ಬನ್ನಿ, ಅದರಲ್ಲಿ ಮೂವತ್ತೊಂದು ಅಧ್ಯಾಯ, ತಾರೀಖಿಗೊಂದು. ಆದಿಕಾಂಡದಿಂದ ಹಟಹಿಡಿದು ಹೊರಟವರು ಯಾಜಕಕಾಂಡದ ಹೊತ್ತಿಗೆ ಕೈಬಿಡುತ್ತಾರೆ. ಎರಡು ಭಾಷೆಯ ವಿಷಯ ತಲೆನೋವೇ ಅಲ್ಲ. ಸೋಮವಾರ ಕನ್ನಡ, ಮಂಗಳವಾರ ಮಲಯಾಳಂ. ಓದದೆ ಇರುವವರು ತಮ್ಮ ಭಾಷೆಯದನ್ನು ತೆರೆದಿಟ್ಟು ಕಣ್ಣಾಡಿಸುತ್ತಿರಲಿ. ಪ್ರಾರ್ಥನೆ ಮಾತ್ರ ಅವರವರ ಮನೆಮಾತಲ್ಲೇ ಇರಲಿ. ಕಥೋಲಿಕ ಮನೆಗಳಲ್ಲಿ ಐದು ದಶಕದ (ದಶಕವೆಂದರೆ ಮರಿಯಮ್ಮನ ಹತ್ತು ಜಪ) ಜಪಮಾಲೆಗೆ ಹದಿನೈದಿಪ್ಪತ್ತು ನಿಮಿಷ ಬೇಕು. ಹೊಸದಾಗಿ ಶುರುಮಾಡುವವರು ಒಂದು ದಶಕ, ಒಂದು ಸುವಾರ್ತಾ ವಾಚನಕ್ಕೆ ನಿಲ್ಲಿಸಿ, ಪೂರ್ತಿ ಜಪಮಾಲೆಯನ್ನು ಮರಿಯಮ್ಮನ ಭಕ್ತಿಗೆ ಮೀಸಲಾದ ಮೇ ಮತ್ತು ಅಕ್ಟೋಬರಿಗೆ ಇಟ್ಟುಕೊಂಡರೆ ತಪ್ಪೇನಿಲ್ಲ.

ಸಮಯವನ್ನು ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ಆಗುವ ಒಂದು ಕೆಲಸಕ್ಕೆ ಕಟ್ಟಿ. ಹೋಮ್‌ಸ್ಟೇಯವರಿಗೆ ರಾತ್ರಿ ಆಗಿಬರುವುದಿಲ್ಲ. ಬೆಳಗ್ಗೆ ಗೆಸ್ಟ್ ಏಳುವ ಮುಂಚಿನ ಮೊದಲ ಲೋಟ ಕಾಫಿ ಇದೆಯಲ್ಲ, ಅದೇ ಗುರುತು. ಶನಿವಾರ, ಭಾನುವಾರ ರೂಮು ತುಂಬಿದ್ದರೆ ಬರೀ ಒಂದು ಕೀರ್ತನೆ ಓದಿ ಏಳಿ. ಮೂರು ದಿನ ತಪ್ಪಿದರೆ ಬಾಕಿ ಓದಲು ಹೋಗಬೇಡಿ, ಇವತ್ತಿನದನ್ನಷ್ಟೇ ಓದಿ. ಬಾಕಿ ಗುಡ್ಡೆಯಾದಾಗಲೇ ಬಹಳ ಮನೆಗಳಲ್ಲಿ ಇದು ನಿಂತುಹೋಗುವುದು. ಇನ್ನೊಂದು, ಅಚ್ಚಾದ ಬೈಬಲ್ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಕರೆಂಟು ಯಾವಾಗ ಹೋಗಿ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಮೊಬೈಲಿನಲ್ಲಿ ಓದಲು ತೆರೆದರೆ ಮೊದಲು ಕಾಣುವುದು ಬುಕ್ಕಿಂಗ್ ಮೆಸೇಜು.

ಒಂದು ಚಾಳಿಯನ್ನು ಮೊದಲ ವರ್ಷವೇ ಬಿಡಿಸಿಕೊಳ್ಳಿ: ದೇವರಿಗೆ ಹೇಳುವ ನೆಪದಲ್ಲಿ ಪಕ್ಕದವರಿಗೆ ಚುಚ್ಚುವುದು. ‘ಕರ್ತನೇ, ಇವಳಿಗೆ ತಾಳ್ಮೆ ಕೊಡು’ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರೆ ಅದು ಪ್ರಾರ್ಥನೆಯಲ್ಲ, ಬೈಗುಳ. ಗಟ್ಟಿಯಾಗಿ ಪ್ರಾರ್ಥಿಸುವಾಗ ನಿಮ್ಮ ತಪ್ಪನ್ನು ಮಾತ್ರ ಹೇಳಿ, ಅವರ ಬಗ್ಗೆ ಕೃತಜ್ಞತೆಯನ್ನು ಮಾತ್ರ ಹೇಳಿ. ಹಿಂದಿನ ರಾತ್ರಿ ಮುನಿಸಿಕೊಂಡು ಮಲಗಿದ್ದರೆ ಪುಸ್ತಕ ತೆರೆಯುವ ಮೊದಲೇ ಅದನ್ನು ಮುಗಿಸಿ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗು ಎಂದು ಮತ್ತಾಯ 5:23-24, ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ ಎಂದು 1 ಪೇತ್ರ 3:7. ಕ್ಷಮೆ ಕೇಳುವಾಗ ಏನು ಮಾಡಿದೆ ಎಂಬುದನ್ನು ಹೆಸರಿಟ್ಟು ಹೇಳಿ: ‘ಗೆಸ್ಟ್ ಮುಂದೆ ನಿನ್ನ ಮೇಲೆ ರೇಗಿದೆ, ತಪ್ಪಾಯ್ತು.’ ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ…’ ಸೇರಿತೋ, ಮತ್ತೆ ಮೊದಲಿಂದ.

ವಿಶ್ವಾಸ ಮೊದಲಿಗೆ ಬರುವುದರಿಂದ ಸಂಸಾರಕ್ಕೆ ಆಗುವ ದೊಡ್ಡ ಉಪಕಾರ ಒಂದಿದೆ. ದೇವರು ಮಾತ್ರ ಕೊಡಬಲ್ಲ ನೆಮ್ಮದಿ, ಬೆಲೆ, ಭದ್ರತೆಗಳನ್ನೆಲ್ಲ ಗಂಡನೋ ಹೆಂಡತಿಯೋ ಕೊಡಬೇಕು ಎಂದು ಪಟ್ಟು ಹಿಡಿಯುವುದು ತಪ್ಪುತ್ತದೆ. ಒಬ್ಬರೇ ಕೂತು ಪ್ರಾರ್ಥಿಸುವ ಐದು ನಿಮಿಷವನ್ನೂ ಇಬ್ಬರೂ ಬೇರೆ ಬೇರೆ ಉಳಿಸಿಕೊಳ್ಳಬೇಕೆನ್ನುವುದು ಅದಕ್ಕೇ.

ಪ್ರಶ್ನೆ: ನಾನು ಕಥೋಲಿಕಳು, ವಯಸ್ಸು 26. ನಾನು ಇಷ್ಟಪಟ್ಟವರು ಕೊಡವರು. ಮನೆಯಲ್ಲಿ ಒಪ್ಪಲಿ ಎಂದು ಮದುವೆಗೆ ಮುಂಚೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅನ್ನುತ್ತಾರೆ. ವಿಶ್ವಾಸ ಬಿಡುವ ಮನಸ್ಸು ನನಗಿಲ್ಲ. ಈ ಮದುವೆ ಆಗಬಹುದೇ?
ವಿರಾಜಪೇಟೆ

ಉತ್ತರ: ಮನೆಯವರನ್ನು ಒಪ್ಪಿಸಲಿಕ್ಕಾಗಿ ದೀಕ್ಷಾಸ್ನಾನ ಬೇಡವೇ ಬೇಡ. ಅದು ಅವರ ಮನಸ್ಸಿಗೂ ಮೋಸ, ಸಂಸ್ಕಾರಕ್ಕೂ ಮೋಸ. ಅವರು ಅವರಾಗಿಯೇ ಇದ್ದು, ನೀವು ನೀವಾಗಿಯೇ ಇದ್ದು ಮದುವೆಯಾಗಲು ಕಥೋಲಿಕ ಸಭೆಯಲ್ಲಿ ದಾರಿಯಿದೆ.

ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ದೀಕ್ಷಾಸ್ನಾನ ಆಗದವರನ್ನು ವರಿಸಬೇಕಾದರೆ ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಬೇಕು. ಅರ್ಜಿ ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಹೋಗುತ್ತದೆ. ನನ್ನ ವಿಶ್ವಾಸದಲ್ಲಿ ಉಳಿಯುತ್ತೇನೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ನನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ ಎಂದು ನೀವು ಮಾತು ಕೊಡಬೇಕು. ಅವರು ಮಾತು ಕೊಡಬೇಕಾಗಿಲ್ಲ, ಆದರೆ ನೀವು ಕೊಟ್ಟ ಮಾತು ಅವರಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಬಹಳ ಜೋಡಿಗಳು ಎಡವುವುದು ಇಲ್ಲೇ. ಹುಡುಗಿ ಸಹಿ ಹಾಕಿರುತ್ತಾಳೆ, ಹುಡುಗನಿಗೆ ‘ಅದೆಲ್ಲ ಫಾರ್ಮಾಲಿಟಿ’ ಎಂದಿರುತ್ತಾಳೆ, ಮಗು ಹುಟ್ಟಿದ ಮೇಲೆ ಎರಡೂ ಮನೆ ಎದುರುಬದುರು ನಿಲ್ಲುತ್ತವೆ. ಹೊಸದಾಗಿ ತೆಗೆಸಿದ ದೀಕ್ಷಾಸ್ನಾನದ ಪತ್ರ, ವಿವಾಹ ತಯಾರಿ ಶಿಬಿರದ ಪ್ರಮಾಣಪತ್ರ ಇವೆಲ್ಲ ಬೇಕಾಗುವುದರಿಂದ ಛತ್ರ ಗೊತ್ತುಮಾಡುವ ಮೊದಲೇ, ಮೂರ್ನಾಲ್ಕು ತಿಂಗಳ ಮುಂಚೆ, ಫಾದರನ್ನು ಕಾಣಿ.

ಬರೀ ರಿಜಿಸ್ಟರ್ ಮದುವೆ ಸಾಕು ಎಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. 30 ದಿನ ಅದನ್ನು ಪ್ರಕಟಿಸಿ ಇಡುತ್ತಾರೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆಯಾಗಬೇಕು, ಮೂವರು ಸಾಕ್ಷಿ ಬೇಕು. ಕಾನೂನಿನ ಕಣ್ಣಿಗೆ ಇದು ಪೂರ್ತಿ ಮದುವೆ. ಆದರೆ ಸಭೆಯ ವಿನಾಯಿತಿ ಇಲ್ಲದೆ ಇದಿಷ್ಟೇ ಆದರೆ ಕಥೋಲಿಕ ಸಭೆ ಅದನ್ನು ಸಿಂಧುವೆಂದು ಎಣಿಸುವುದಿಲ್ಲ, ನಿಮಗೆ ಪರಮಪ್ರಸಾದ ಸಿಗುವುದಿಲ್ಲ. ಅವರ ಕಡೆಗೂ ಒಂದು ಪರಿಣಾಮವಿದೆ. ಅವಿಭಕ್ತ ಕುಟುಂಬದ ಹಿಂದೂ ಸದಸ್ಯರು ಬೇರೆ ಧರ್ಮದವರನ್ನು ಈ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ವಿಭಾಗವಾದಂತೆ ಎಂದು 19ನೇ ಕಲಂ ಹೇಳುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮ ಜಮೀನಿರುವ ಒಕ್ಕದಲ್ಲಿ (ಕೊಡವ ಮನೆತನದಲ್ಲಿ) ಇದರಿಂದ ಏನಾಗುತ್ತದೆ ಎಂದು ವಕೀಲರನ್ನು ಮೊದಲೇ ಕೇಳಲಿ.

ಕಾಗದಕ್ಕಿಂತ ಕಷ್ಟದ್ದು ಮುಂದಿದೆ. ನಂಬದವರ ಜೊತೆ ಜೋಡಿಯಾಗಬೇಡಿ ಎನ್ನುವ 2 ಕೊರಿಂಥ 6:14ರ ‘ಜೊತೆಯಲ್ಲದ ನೊಗ’ವನ್ನು ನಿಮ್ಮ ಮನೆಯವರು ಎತ್ತಿಯೇ ಎತ್ತುತ್ತಾರೆ. ಆ ಮಾತು ಮದುವೆಯೊಂದನ್ನೇ ಕುರಿತದ್ದಲ್ಲ ಎಂದು ವಾದ ಮಾಡಬಹುದು, ಆದರೂ ಅದರಲ್ಲಿ ತೂಕವಿದೆ. ಮದುವೆಯಾದ ಮೇಲೆ ಅವರು ಬದಲಾಗುತ್ತಾರೆ ಎಂಬ ಆಸೆ ಒಳಗೆಲ್ಲಾದರೂ ಇದ್ದರೆ ಈಗಲೇ ನಿಲ್ಲಿಸಿ. ಇಲ್ಲವಾದರೆ ಇಬ್ಬರೂ ಕೂತು ಇವನ್ನು ಬಾಯಿಬಿಟ್ಟು ಮಾತಾಡಿ: ಭಾನುವಾರದ ಬಲಿಪೂಜೆಗೆ ನಾನೊಬ್ಬಳೇ ಹೋಗುವುದು ಹತ್ತು ವರ್ಷದ ಮೇಲೂ ಸರಿಯೇ? ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ, ಮನೆತನದ ಹಿರಿಯರಾದ ಗುರುಕಾರಣರಿಗೆ ಎಡೆ ಇಡುವಾಗ ನಾನು ಎಲ್ಲಿ ನಿಲ್ಲಬೇಕು? ಮಗುವಿಗೆ ಒಕ್ಕದ ಹೆಸರು ಮತ್ತು ದೀಕ್ಷಾಸ್ನಾನ ಎರಡೂ ಇರಬಹುದೇ? ನಾನು ತೀರಿಕೊಂಡರೆ ಎಲ್ಲಿ ಮಣ್ಣು ಮಾಡುತ್ತೀರಿ? ಕೊನೆಯದು ಅಶುಭ ಅನ್ನಿಸಬಹುದು, ಆದರೆ ಆ ದಿನ ಚರ್ಚೆಗೆ ಯಾರಿಗೂ ಮನಸ್ಸಿರುವುದಿಲ್ಲ.

ಮಾತಿಗಿಂತ ನೋಡಿ ತಿಳಿಯುವುದು ಹೆಚ್ಚು. ಹಿರಿಯರಿಗೆ ಹೇಳಿ ಒಂದು ಪುತ್ತರಿಗೆ (ಹೊಸ ಭತ್ತದ ಸುಗ್ಗಿ ಹಬ್ಬಕ್ಕೆ) ಅವರ ಐನ್‌ಮನೆಗೆ ಹೋಗಿ. ನಡುಮನೆಯಾದ ನೆಲ್ಲಕ್ಕಿಯಲ್ಲಿ ದೀಪ ಹಚ್ಚಿ ಮನೆಮಂದಿಯೆಲ್ಲ ಗದ್ದೆಗಿಳಿದು, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ತರುವಾಗ ನಿಮ್ಮ ಎದೆಯಲ್ಲಿ ಏನಾಗುತ್ತದೆ, ಗಮನಿಸಿ. ಅವರು ಒಂದು ಪವಿತ್ರ ವಾರವನ್ನು ಪೂರ್ತಿ ನಿಮ್ಮ ಮನೆಯವರ ಜೊತೆ ಕಳೆಯಲಿ, ಶುಭ ಶುಕ್ರವಾರದ ಉಪವಾಸವನ್ನೂ ಸೇರಿಸಿ. ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಕಾಫಿ ತೋಟದ ಪಾಲಿನ ವಿಷಯದಲ್ಲಿ ನನಗೂ ತಮ್ಮನಿಗೂ ಮಾತು ಬಿಟ್ಟುಹೋಗಿದೆ. ಒಂದೇ ಚರ್ಚು, ಒಂದೇ ಸಾಲಿನಲ್ಲಿ ಕರ್ತರ ಭೋಜನ. ಕ್ಷಮಿಸು ಅನ್ನುತ್ತಾರೆ ಎಲ್ಲರೂ. ಕ್ಷಮಿಸಿದರೆ ಪಾಲು ಬಿಟ್ಟುಕೊಡಬೇಕೇ?
ಅಮ್ಮತ್ತಿ

ಉತ್ತರ: ಬಿಟ್ಟುಕೊಡಬೇಕಾಗಿಲ್ಲ. ಕ್ಷಮೆ ಎಂದರೆ ಹಗೆ ಬಿಡುವುದು. ಗಡಿ ಎಲ್ಲಿ ಹಾಯಬೇಕು ಎಂಬುದು ಸರ್ವೆಯವರ ಕೆಲಸ. ಎರಡನ್ನೂ ಬೆರೆಸಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಹಗೆಯೂ ಉಳಿದಿದೆ, ಪೋಡಿಯೂ ಆಗಿಲ್ಲ.

ಮತ್ತಾಯ 18:15-17ರಲ್ಲಿ ಕ್ರಮ ಕೊಟ್ಟಿದೆ: ಮೊದಲು ನೀವಿಬ್ಬರೇ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪು, ತಮ್ಮನ ಕಿವಿಗೆ ಬೀಳುವುದು ಕೊನೆಗೆ.

ಇಬ್ಬರೇ ಕೂರುವಾಗ ಯಾರ ಮನೆಯೂ ಬೇಡ, ಸಂಜೆಯ ಗ್ಲಾಸಿನ ಹೊತ್ತೂ ಬೇಡ. ಹಗಲಲ್ಲಿ, ತೋಟದಲ್ಲೇ ನಡೆಯುತ್ತ ಮಾತಾಡಿ. ಪಹಣಿ, ಸರ್ವೆ ನಕ್ಷೆ ಕೈಯಲ್ಲಿರಲಿ. ‘ಚಿಕ್ಕಂದಿನಿಂದ ನೀನು ಹೀಗೇ’ ಎಂದು ಶುರುಮಾಡಬೇಡಿ. ಪಾಲನ್ನು ಎಕರೆಯಲ್ಲಿ ಮಾತ್ರ ಅಳೆಯುವುದರಿಂದಲೇ ಜಗಳ ಬೆಳೆಯುವುದು. ಐದೆಕರೆ ಐದೆಕರೆ ಎಂದು ಸಮನಾಗಿ ಹಂಚಿದರೂ ಒಬ್ಬರ ಕಡೆ ರೋಬಸ್ಟಾ, ಕೆರೆ, ರಸ್ತೆ, ಕಣ ಎಲ್ಲ ಬಂದು, ಇನ್ನೊಬ್ಬರಿಗೆ ಮುದಿ ಅರೇಬಿಕಾ ಮತ್ತು ಇಳಿಜಾರು ಬಂದಿರಬಹುದು. ಗಿಡದ ಜಾತಿ ಮತ್ತು ವಯಸ್ಸು, ಕರಿಮೆಣಸಿನ ಬಳ್ಳಿ, ಸಿಲ್ವರ್ ಓಕ್ ಮರ, ಕಣ, ಗೋದಾಮು, ಕೆಲಸದವರು ಇರುವ ಲೈನ್ ಮನೆ ಇವೆಲ್ಲಕ್ಕೂ ಬೇರೆ ಬೇರೆ ಬೆಲೆ ಕಟ್ಟಿ ಬರೆಯಿರಿ. ಕೆರೆಯ ನೀರಿನ ಮಾತನ್ನು ಮುಂದಕ್ಕೆ ಹಾಕಲೇಬೇಡಿ. ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕು, ಮೊಗ್ಗು ಯಾರಿಗೂ ಕಾದು ಕೂರುವುದಿಲ್ಲ. ಆ ಕೆಲವೇ ದಿನಗಳಲ್ಲಿ ಪಂಪು ಮೊದಲು ಯಾರದ್ದು, ಎಷ್ಟು ದಿನ, ಹೂವಾದ ಮೇಲೆ ಎರಡನೇ ಸಲ ಕೊಡುವ ನೀರು ಯಾರಿಗೆ ಮೊದಲು ಎಂದು ಪತ್ರದಲ್ಲೇ ಇರಲಿ. ವರ್ಷ ಬಿಟ್ಟು ವರ್ಷ ಸರದಿ ಬದಲಾದರೆ ತಕರಾರು ಕಮ್ಮಿ.

ಮಾತು ಕೂಡದಿದ್ದರೆ ಕರೆಯುವ ಒಬ್ಬಿಬ್ಬರು ಹೆಂಡತಿಯ ಕಡೆಯವರಾಗಿರಬಾರದು, ನಿಮ್ಮ ಕಾಫಿ ಕೊಳ್ಳುವ ವ್ಯಾಪಾರಿಯಾಗಿರಬಾರದು. ಇಬ್ಬರೂ ಒಪ್ಪಿದ ಒಬ್ಬ ಹಿರಿಯರು, ತೋಟದ ಲೆಕ್ಕ ಬಲ್ಲ ಒಬ್ಬರು ಸಾಕು. ಸಭೆಯ ಹಿರಿಯರು ಮನಸ್ಸು ಕೂಡಿಸಬಹುದು, ಜಮೀನಿನ ಹಕ್ಕು ಯಾರದ್ದೆಂದು ಹೇಳಲು ಅವರಿಗೆ ಅಧಿಕಾರವಿಲ್ಲ, ಅದನ್ನು ಅವರಿಂದ ಕೇಳಲೂಬೇಡಿ. ವಿಶ್ವಾಸಿಗಳು ಕೋರ್ಟಿಗೆ ಹೋಗುವುದನ್ನು 1 ಕೊರಿಂಥ 6 ಆಕ್ಷೇಪಿಸುತ್ತದೆ, ನಿಜ. ಒಪ್ಪಂದವನ್ನು ವಿಭಾಗಪತ್ರ ಮಾಡಿ ನೋಂದಾಯಿಸುವುದು ವ್ಯಾಜ್ಯವಲ್ಲ. ಬಾಯಿಮಾತಿನ ಪಾಲು ಮಕ್ಕಳ ಕಾಲಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅಕ್ಕತಂಗಿಯರಿದ್ದರೆ ಅವರನ್ನೂ ಕೂರಿಸಿ. ‘ಅವಳಿಗೆ ಮದುವೆಗೆ ಕೊಟ್ಟಾಗಿದೆ’ ಎಂದು ಖಾಲಿ ಹಾಳೆಗೆ ಸಹಿ ತೆಗೆದುಕೊಳ್ಳುವುದನ್ನು ಯಾವ ವಚನದಿಂದಲೂ ಸಮರ್ಥಿಸಲಾಗದು.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಹಿರಿಯರಿಗೆ ಹೇಳಿದೆ. ಹೆಂಡತಿ ಅಧೀನಳಾಗಿರಬೇಕು, ಶಿಲುಬೆ ಅಂತ ಹೊತ್ತುಕೊಂಡು ಪ್ರಾರ್ಥಿಸು ಅಂದರು. ಪ್ರಾರ್ಥಿಸುತ್ತಲೇ ಇದ್ದೇನೆ.
ಕುಶಾಲನಗರ

ಉತ್ತರ: ತಂಗೀ, ಇದು ನಿಮ್ಮ ಶಿಲುಬೆಯಲ್ಲ. ‘ಅಧೀನರಾಗಿರಿ’ ಎಂಬ ಎಫೆಸ 5:22ರ ಹಿಂದಿನ ವಚನವೇ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ. 25ನೇ ವಚನ, ಹೆಂಡತಿಗಾಗಿ ಪ್ರಾಣ ಕೊಡುವಷ್ಟು ಪ್ರೀತಿಸು ಎಂದು ಗಂಡನಿಗೆ ಹೇಳುತ್ತದೆ. ಕೊಲೊಸ್ಸೆ 3:19 ಹೆಂಡತಿಗೆ ನಿಷ್ಠುರವಾಗಿರಬೇಡ ಎನ್ನುತ್ತದೆ. ಕಥೋಲಿಕ ಸಭೆಯ ಕಾನೂನಿನ 1153ನೇ ಕಟ್ಟಳೆಯಂತೂ, ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯ ತರುವ ಸಂಗಾತಿಯಿಂದ ಬೇರೆಯಾಗಿರಲು ಅದೇ ನ್ಯಾಯವಾದ ಕಾರಣ ಎಂದು ಬಿಡಿಸಿ ಹೇಳುತ್ತದೆ. ನಿಮಗೆ ಬುದ್ಧಿ ಹೇಳಿದ ಹಿರಿಯರು ಅರ್ಧ ವಚನ ಓದಿದ್ದಾರೆ.

ಮೊದಲು ಜೀವ ಉಳಿಯಬೇಕು. ಹೊಡೆತ ಶುರುವಾದಾಗ ಅಡುಗೆಮನೆಗೆ ಓಡಬೇಡಿ, ಕತ್ತಿ, ಸೌದೆ, ಬೆಂಕಿ ಎಲ್ಲ ಇರುವುದು ಅಲ್ಲೇ. ಹೊರಬಾಗಿಲ ಹತ್ತಿರ ಬನ್ನಿ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮದುವೆಯ ಪತ್ರ, ಮಕ್ಕಳ ಜನನ ಪತ್ರ, ಸ್ವಲ್ಪ ದುಡ್ಡು, ಒಂದು ಜೊತೆ ಬಟ್ಟೆಯನ್ನು ಚೀಲದಲ್ಲಿ ಹಾಕಿ ನಂಬಿಕೆಯ ಪಕ್ಕದ ಮನೆಯಲ್ಲಿ ಈಗಲೇ ಇಟ್ಟುಬಿಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಗಾಯವಾದರೆ ಸರಕಾರಿ ಆಸ್ಪತ್ರೆಗೇ ಹೋಗಿ. ‘ಬಿದ್ದೆ’ ಎನ್ನಬೇಡಿ, ಹೇಗಾಯಿತೆಂದು ಬರೆಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿಯ ದಾರಿ ತೋರಿಸುತ್ತಾರೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಎಂದು ಕಾಯ್ದೆಯಲ್ಲಿದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ. ಧ್ಯಾನಕೂಟದಲ್ಲಿ ಕೈಯೆತ್ತಿ ಶಪಥ ಮಾಡಿ ಒಂದೇ ಏಟಿಗೆ ಬಿಟ್ಟರು ಎಂದು ಕೊಂಡಾಡುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಅದು ಅಪಾಯ. ಮೊದಲ ದಿನ ನಡುಕ, ಬೆವರು, ಎರಡು ದಿನದೊಳಗೆ ಫಿಟ್ಸ್, ಎರಡು ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣುವ ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ‘ದೆವ್ವ ಬಿಡುವ ಲಕ್ಷಣ’ ಎಂದು ಕಟ್ಟಿಹಾಕಿ ಪ್ರಾರ್ಥಿಸುತ್ತ ಕೂರದೆ ಆಸ್ಪತ್ರೆಗೆ ಸಾಗಿಸಿ. ಬಿಡುವ ಮನಸ್ಸು ಮಾಡಿದರೆ ವೈದ್ಯರ ಕಣ್ಣೆದುರೇ ಬಿಡಲಿ. ವ್ಯಸನಮುಕ್ತಿ ಸಹಾಯವಾಣಿ 14446. ವಾಪಸ್ ಸಂಸಾರ ಮಾಡುವ ಮಾತು ಆಮೇಲಿನದು. ಕಣ್ಣೀರು, ಸಾಕ್ಷಿ ಹೇಳುವುದು, ಹೊಸ ಬೈಬಲ್ ಇವು ಲೆಕ್ಕಕ್ಕಿಲ್ಲ. ಆರು ತಿಂಗಳು ಚಿಕಿತ್ಸೆಗೆ ತಪ್ಪದೆ ಹೋಗಿದ್ದಾರೆಯೇ, ದುಡಿದದ್ದು ಮನೆಗೆ ಬಂದಿದೆಯೇ, ಕೈ ಎತ್ತಿಲ್ಲವೇ ಎಂಬುದನ್ನಷ್ಟೇ ನೋಡಿ. ನೀವು ಕ್ಷಮಿಸಿರಬಹುದು, ಹಾಗೆಂದು ಅದೇ ಮನೆಗೆ ಅದೇ ವಾರ ಹೋಗಬೇಕೆಂದಿಲ್ಲ.

ಪ್ರಶ್ನೆ: ಕೈಲ್‌ಪೊಳ್ದ್ (ಆಯುಧಗಳ ಹಬ್ಬ), ಪುತ್ತರಿಗೆ ಪಕ್ಕದ ಕೊಡವ ಮನೆಯವರು ಊಟಕ್ಕೆ ಕರೆಯುತ್ತಾರೆ. ಹೊಸ ಪಾಸ್ಟರ್ ಹೋಗಕೂಡದು ಅನ್ನುತ್ತಾರೆ.
ಮೂರ್ನಾಡು

ಉತ್ತರ: 1 ಕೊರಿಂಥ 10:27-28 ಓದಿ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಏನೂ ಕೇಳದೆ ಉಣ್ಣು, ‘ಇದು ಅರ್ಪಿಸಿದ್ದು’ ಎಂದು ಯಾರಾದರೂ ಹೇಳಿದರೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡು ಎಂದಿದೆ. ಅಂದರೆ ಎಡೆಯದ್ದನ್ನು ಬಿಟ್ಟು ಕಡಂಬುಟ್ಟು, ಪಂದಿಕರಿ ಉಣ್ಣಲು ಅಡ್ಡಿಯಿಲ್ಲ. ಬೇಡವಾದದ್ದನ್ನು ‘ನಮಗೆ ಆಗಿಬರೋದಿಲ್ಲ ಅಕ್ಕ’ ಎಂದು ಒಂದೇ ಮಾತಲ್ಲಿ ಹೇಳಿ, ಪಾಠ ಮಾಡಬೇಡಿ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಕಾಲದಲ್ಲಿ ದಿಕ್ಕುತಪ್ಪಿ ಬಂದ ಕ್ರೈಸ್ತರಿಗೆ ಇಲ್ಲಿ ನೆಲೆ ಕೊಟ್ಟವನು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. ಅಷ್ಟು ಹಳೆಯ ನೆರೆಹೊರೆಯನ್ನು ಒಂದು ಊಟದ ಎಲೆಗಾಗಿ ಕೆಡಿಸಿಕೊಳ್ಳಬಾರದು. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳ ತಟ್ಟೆ ಕಳಿಸುವಾಗ ಅವರ ಮನೆಯನ್ನು ಮೊದಲು ನೆನೆಯಿರಿ.

ಪ್ರಶ್ನೆ: ನಮ್ಮ ಲೈನ್ ಮನೆಯ ಕೆಲಸದವರನ್ನು ವಾರಕ್ಕೊಂದು ಸಲ ಅಂಗಳದ ಪ್ರಾರ್ಥನೆಗೆ ಸೇರಿಸಬೇಕೆಂದಿದ್ದೇನೆ. ಹೇಗೆ ಶುರುಮಾಡಲಿ?
ಸಿದ್ದಾಪುರ

ಉತ್ತರ: ಸದ್ಯ ಬೇಡ. ಕೂಲಿ, ಮನೆ, ಮುಂಗಡ ಮೂರೂ ನಿಮ್ಮ ಕೈಯಲ್ಲಿರುವಾಗ ನೀವು ಕರೆದರೆ ‘ಬರುವುದಿಲ್ಲ’ ಅನ್ನುವ ಧೈರ್ಯ ಯಾರಿಗಿದೆ? ಆ ಕೂಟಕ್ಕೆ ಬಂದವರು ಯಾರಿಗಾಗಿ ಬಂದರು ಎಂದು ನಿಮಗೂ ತಿಳಿಯುವುದಿಲ್ಲ. ಧರ್ಮೋಪದೇಶಕಾಂಡ 24:14-15ರಿಂದ ಶುರುಮಾಡಿ. ಕೂಲಿಯವನು ಸ್ವಂತದವನಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಕೊಡು ಎಂದಿದೆ. ಅಸ್ಸಾಂ, ಜಾರ್ಖಂಡ್‌ನಿಂದ ಬಂದವರಿಗೂ ಇದು ಸಲ್ಲುತ್ತದೆ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬ 5:4. ನಿಮ್ಮಲ್ಲಿ ಭಾನುವಾರವೇ ಸಂತೆ, ಹಾಗಾಗಿ ಬಟವಾಡೆ ಶನಿವಾರ ಸಂಜೆಗೇ ಮುಗಿಯಲಿ. ಸಾಮಾನು ಕೊಳ್ಳುವ ಹೊತ್ತಿಗೆ ಕೆಲಸದವರು ಕೂಲಿಗಾಗಿ ಕಾಯುತ್ತಿದ್ದು, ನೀವು ಚರ್ಚಿನಲ್ಲಿ ಕೂತಿರುವಂತಾಗಬಾರದು. ಕೊಯ್ಲಿನ ದಿನಗಳಲ್ಲಿ ಹಣ್ಣಿನ ತೂಕ ಕೊಯ್ದವರ ಕಣ್ಣೆದುರೇ ಆಗಲಿ, ಚೀಲದ ತೂಕವೆಂದು ಕಳೆಯುವುದು ಎಷ್ಟು ಎಂದು ಮೊದಲೇ ಹೇಳಿ. ಮಳೆಗಾಲಕ್ಕೆ ಮುಂಚೆ ಲೈನ್ ಮನೆಯ ಹೆಂಚು, ಪಾಯಿಖಾನೆಯ ಬಾಗಿಲು ಸರಿಮಾಡಿಸಿ. ಮುಂಗಡದ ಲೆಕ್ಕದ ಒಂದು ಪ್ರತಿ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಅವರ ಕೈಯಲ್ಲೂ ಇರಲಿ.